ಅಳಿಯದೇವರ ಗೆಸ್ಟ್‌ಹೌಸ್

ಎದುರುಮನೆಯ ತಮೋತ್ಸುಸಾನ್ ಬೆಳಗ್ಗೆ ಎದ್ದು ಜಗಲಿಯ ಮರದ ಹಲಗೆಗಳನ್ನು ಒಂದೊಂದಾಗಿ ಸರಿಸುವ ಸದ್ದು ಕೇಳಿಯೇ ನಾನು ಆ ದಿನದ ತೋಫುವಿನ ಲೆಕ್ಕ ಹಾಕುವುದು. ಹಲಗೆಗಳು ಕಳ್ಳಹೆಜ್ಜೆಯಲ್ಲಿ ಮೆಲ್ಲಗೆ ಸರಿದರೆ ಒಳಗೆ ಯಾರೋ ಮಲಗಿದ್ದಾರೆ, ಗೆಸ್ಟ್‌ಹೌಸಿಗೆ ಜನ ಬಂದಿದ್ದಾರೆ ಎಂದರ್ಥ. ಗಡಗಡ ಎಂದು ಓಣಿಯೆಲ್ಲ ಕೇಳುವ ಹಾಗೆ ಸರಿದರೆ ಮನೆಯಲ್ಲಿ ಅವರೊಬ್ಬರೇ. ಈಗೀಗ ಗಡಗಡವೇ ಹೆಚ್ಚು.

ನಾನು ತೋಮಿ. ಹಮಾಸೆ ಬಂದರಿನ ಈ ಓಣಿಯಲ್ಲಿ ಸೋಯಾ ಹಾಲು ಒಡೆದು ತೋಫು ಮಾಡುವ ಅಂಗಡಿ ನನ್ನದು. ತೋಮಿಯ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ತೋಫು ಮೆತ್ತಗಿದೆಯಲ್ಲ, ಅಷ್ಟು ಸಾಕು.

ತಮೋತ್ಸುಸಾನ್ ಅವರನ್ನು ಊರಲ್ಲಿ ನನ್ನೊಬ್ಬಳನ್ನು ಬಿಟ್ಟು ಯಾರೂ ಹೆಸರು ಹಿಡಿದು, ಮರ್ಯಾದೆಯ 'ಸಾನ್' ಸೇರಿಸಿ ಕರೆದಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರು ಹಿರೋಬೆಯವರ ಮನೆ ಅಳಿಯ, ಎದುರಿಗೆ ಸಿಕ್ಕರೆ "ಅಳಿಯದೇವರು". ಮಾವ ಹೋದರು, ಅತ್ತೆ ಹೋದರು, ಕೊನೆಗೆ ಹೆಂಡತಿ ಫುಮಿಯೊ ಕೂಡ ಹೋದಳು. ಯಾರ ಅಳಿಯ ಎಂದು ಕೇಳಿದರೆ ತೋರಿಸಲು ಒಬ್ಬರೂ ಉಳಿದಿಲ್ಲ, ಆದರೂ ಅವರು ಅಳಿಯದೇವರೇ. ತಲೆ ನೆರೆತ ಅಳಿಯ.

ಮೂರು ಹಿಡಿ ತವುಡು ಸ್ವಂತದ್ದಿದ್ದರೂ ಮನೆ ಅಳಿಯನಾಗಿ ಹೋಗಬೇಡ ಎಂಬ ಗಾದೆ ನಮ್ಮ ಕಡೆಯದು. ತಮೋತ್ಸುಸಾನ್ ಹತ್ತಿರ ಆ ತವುಡೂ ಇರಲಿಲ್ಲ. ಬೆಟ್ಟದ ಮೇಲಿನ ಇದ್ದಿಲು ಸುಡುವವರ ಮನೆಯ ಕಡೆಯ ಮಗ. ಹಿರೋಬೆಯವರದು ಒಂದು ಕಾಲಕ್ಕೆ ಹಡಗಿನ ವ್ಯಾಪಾರದ ಮನೆ, ಗಂಡು ಸಂತಾನವಿಲ್ಲ. ಹುಡುಗನನ್ನು ತಂದರು, ತಮ್ಮ ಮನೆತನದ ಹೆಸರು ಅವನಿಗೆ ಕೊಟ್ಟರು, ಅವನ ಮನೆತನದ ಹೆಸರು ಬಿಡಿಸಿದರು. ಮದುವೆಯ ದಿನ ಅವನು ಜಗಲಿಯ ತುದಿಯಲ್ಲಿ ಯಾರದೋ ಮದುವೆಗೆ ಬಂದವನ ಹಾಗೆ ಕೂತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಫುಮಿಯೊ ನನ್ನ ಜೊತೆ ಶಾಲೆಗೆ ಬಂದವಳು, ಅವಳೇ ಹೇಳಿದ್ದು. ಮದುವೆಯ ಮಾರನೇ ದಿನ ಊಟಕ್ಕೆ ಕೂತಾಗ ಅತ್ತೆ "ಇನ್ನೊಂದು ಬಟ್ಟಲು ಅನ್ನ?" ಎಂದರಂತೆ. ತಮೋತ್ಸುಸಾನ್ ಮರ್ಯಾದೆಗೆ "ಸಾಕು" ಎಂದರಂತೆ. ಅತ್ತೆ ಅನ್ನದ ಮರಿಗೆಯ ಮುಚ್ಚಳ ಮುಚ್ಚಿಬಿಟ್ಟರಂತೆ.

ನಮ್ಮಲ್ಲಿ ಒಂದು ಬಟ್ಟಲು ಚಹಾ ಕೊಟ್ಟರೂ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದಾಗ ತಲೆಬಾಗಿ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹಸಿದವನು, ಮೂರನೇ ಸಲವೂ ಬೇಡ ಅಂದರೆ ಮಾತ್ರ ಅದು ನಿಜವಾದ ಬೇಡ. ಇದು ನನ್ನ ಅಂಗಡಿಯ ಬೆಕ್ಕಿಗೂ ಗೊತ್ತು, ಆ ಅತ್ತೆಗೆ ಗೊತ್ತಿರಲಿಲ್ಲವೇ? ಅತಿಥಿಯಾದರೆ ಮೂರು ಸಲ ಕೇಳುತ್ತಾರೆ. ಮನೆಯವನಾದರೆ ಕೇಳುವುದೇ ಇಲ್ಲ, ಬಡಿಸುತ್ತಾರೆ. ಒಂದೇ ಸಲ ಕೇಳುವುದು ಇವೆರಡೂ ಅಲ್ಲದವನನ್ನು. ಆ ಮನೆಯಲ್ಲಿ ಅವರನ್ನು ಯಾರೂ ಯಾವುದಕ್ಕೂ ಎರಡನೇ ಸಲ ಕೇಳಲಿಲ್ಲ. ಫುಮಿಯೊ ಇದನ್ನು ಮೊದಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲಾಮೇಲೆ ನಗುತ್ತಿರಲಿಲ್ಲ, ಅಡುಗೆಮನೆಯಲ್ಲಿ ಕದ್ದು ಅನ್ನದ ಉಂಡೆ ಕಟ್ಟಿ ಗಂಡನ ಕೈಗೆ ತುರುಕುತ್ತಿದ್ದಳು.

ಅವಳು ಹೋದ ಮೇಲೆ ಒಸಾಕಾದಿಂದ ಅವಳ ದಾಯಾದಿಯೊಬ್ಬ ಬಂದ. ಹಿರಿಯರ ಸಮಾಧಿ ತೊಳೆದು, ಮನೆಯ ಬುದ್ಧಪೀಠಕ್ಕೆ ಅನ್ನ ನೀರಿಟ್ಟುಕೊಂಡು ನೀವೇ ಇರಿ ಎಂದು ಹೇಳಿ, ಸಂಜೆಯ ರೈಲಿಗೇ ಹೋದ. ಅಷ್ಟು ದೊಡ್ಡ ಮನೆ, ಒಬ್ಬರೇ ಮನುಷ್ಯ. ಒಂದು ದಿನ ಹಿಮಕ್ಕೆ ಸಿಕ್ಕಿಬಿದ್ದ ಬೈಕಿನವರಿಬ್ಬರು ಮಲಗಲು ಜಾಗ ಕೇಳಿದರು. ಮಾರನೇ ಬೆಳಗ್ಗೆ ತಮೋತ್ಸುಸಾನ್ ತೋಫುವಿಗೆ ಬಂದು ನಿಂತರು, ಮುಖ ಕೆಂಪಗೆ.

"ತೋಮಿಸಾನ್, ನಿನ್ನೆ ಮನೇಲಿ ಯಾರೋ ಗೊರಕೆ ಹೊಡೆದ್ರು. ಎಷ್ಟು ಚೆನ್ನಾಗಿತ್ತು ಗೊತ್ತಾ!"

"ಗೊರಕೆ ಬೇಕಿದ್ರೆ ನಮ್ಮನೆಗೆ ಬನ್ನಿ, ನಮ್ಮವರು ಪುಕ್ಕಟೆ ಹೊಡೀತಾರೆ" ಎಂದೆ. ಆಗ ನನ್ನ ಗಂಡ ಬದುಕಿದ್ದರು.

ಹಾಗೆ ಶುರುವಾದದ್ದು ಗೆಸ್ಟ್‌ಹೌಸು. ಬಾಗಿಲಲ್ಲಿ ಹಲಗೆಯ ತುಂಡೊಂದು ನೇತುಹಾಕಿದರು. ನಮ್ಮ ಕಡಲಕರೆಯಲ್ಲಿ ಅದಕ್ಕಿಂತ ಅಗ್ಗದ ಜಾಗ ಸಿಗುವುದಿಲ್ಲ, ಅದಕ್ಕಿಂತ ಚಳಿಯ ಜಾಗವೂ ಸಿಗುವುದಿಲ್ಲ. ಕೋಣೆಗಳ ನಡುವೆ ಇರುವುದು ಕಾಗದದ ಸರಿಬಾಗಿಲು, ಪಕ್ಕದವನು ಮಗ್ಗುಲಾದರೂ ಕೇಳುತ್ತದೆ. ಹಾಸಿಗೆ ಬೀರುವಿನಲ್ಲಿದೆ, ತೆಗೆದು ಚಾಪೆಯ ಮೇಲೆ ನೀವೇ ಹಾಸಿಕೊಳ್ಳಬೇಕು. ಚಳಿಗೆ ಒಂದು ಸೀಮೆಎಣ್ಣೆ ಸ್ಟೌ, ಕಾಲಿಗೆ ಬಿಸಿನೀರಿನ ತಗಡಿನ ಡಬ್ಬಿ. ಊಟಕ್ಕೆ ಅನ್ನ, ಹುದುಗಿಸಿದ ಸೋಯಾದ ಮಿಸೊ ಸಾರು, ಒಂದು ಸುಟ್ಟ ಮೀನು, ನನ್ನ ತೋಫು. ಗಾಳ ಹಾಕುವ ಹುಚ್ಚಿನವರು, ರಜೆಯ ವಿದ್ಯಾರ್ಥಿಗಳು, ದಾರಿ ತಪ್ಪಿದ ಬಿಳಿಯರು, ಇಂಥವರೇ ಬರುತ್ತಿದ್ದದ್ದು. ಎಲ್ಲರ ಪಾದರಕ್ಷೆಗಳನ್ನೂ ಅವರು ತಾವೇ ಬಗ್ಗಿ ಬಾಗಿಲ ಕಡೆ ತಿರುಗಿಸಿಡುತ್ತಿದ್ದರು.

ಹೂದಾನಿಯ ಗೂಡಿರುವ ಒಳ್ಳೆಯ ನಡುಕೋಣೆ ಅತಿಥಿಗಳಿಗೆ. ಅವರು ಮಲಗುವುದು ಅಡುಗೆಮನೆಗೆ ಅಂಟಿದ ಗೂಡಿನಲ್ಲಿ. ಯಾರೂ ಇಲ್ಲದ ದಿನವಾದರೂ ನಡುಕೋಣೆಯಲ್ಲಿ ಮಲಗಬಾರದೇ ಎಂದು ಒಮ್ಮೆ ಕೇಳಿದೆ.

"ಅದು ಹಿರೋಬೆಯವರ ಕೋಣೆ" ಎಂದರು.

"ನೀವೂ ಹಿರೋಬೆಯೇ ಅಲ್ವೇನ್ರೀ, ಕಾಗದದಲ್ಲಿ?"

"ಕಾಗದದಲ್ಲಿ ಹೌದು."

ಇನ್ನು ಅವರು ಬಡಿಸುವ ರೀತಿ. ಅನ್ನದ ಮರಿಗೆಯನ್ನು ಅತಿಥಿಯ ಪಕ್ಕದಲ್ಲೇ ಇಟ್ಟು, ಮುಚ್ಚಳ ತೆಗೆದು, ಅಡುಗೆಮನೆಗೆ ಹೋಗಿ ಬಾಗಿಲು ಸರಿಸಿಕೊಳ್ಳುತ್ತಿದ್ದರು. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನಬೇಕಾಗಿಲ್ಲ, ಬೇಕಾದಷ್ಟು ಬಡಿಸಿಕೊಂಡು ಉಣ್ಣಲಿ ಎಂದು. ಊರಿನವರು "ಅಳಿಯದೇವರಿಗೆ ಅತಿಥಿಸತ್ಕಾರ ಗೊತ್ತಿಲ್ಲ, ಮೊದಲೇ ಇದ್ದಿಲಿನವರ ಮಗ" ಎಂದು ಆಡಿಕೊಂಡರು. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಅತ್ತೆ ಮುಚ್ಚಿದ ಆ ಮುಚ್ಚಳ ನೆನಪಾಗುತ್ತಿತ್ತು.

ಆಮೇಲೆ ಮಿತ್ಸುಯೊಸಾನ್ ಬಂದರು.

ಚಳಿಗಾಲ ಶುರುವಾಗುತ್ತಲೇ ನಮ್ಮ ಬಂದರಿಗೆ ಏಡಿ ಬರುತ್ತದೆ. ಏಡಿ ಆರಿಸಿ, ಕಚ್ಚುವ ಕೊಂಬು ಕಟ್ಟಿ, ಬೇಯಿಸುವ ಕೆಲಸಕ್ಕೆ ಹೊರಗಿನಿಂದ ಹೆಂಗಸರು ಬಂದು ವಸಂತದವರೆಗೆ ಇರುತ್ತಾರೆ. ಮಿತ್ಸುಯೊಸಾನ್ ಒಳನಾಡಿನವರು, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವರು. ಅರವತ್ತರ ಹತ್ತಿರ, ಗಟ್ಟಿ ಕೈ, ಸಣ್ಣ ದನಿ. ಅಣ್ಣನ ಮನೆಯಲ್ಲಿ ಹೇಗೆ ಎಂದು ನಾನು ಕೇಳಿದ್ದಕ್ಕೆ, "ಅತ್ತಿಗೆ ಒಳ್ಳೆಯವರು. ನನ್ನ ಚಪ್ಪಲಿ ಇಡೋಕೆ ಹಿಂಬಾಗಿಲಲ್ಲಿ ಜಾಗ ಕೊಟ್ಟಿದ್ದಾರೆ" ಎಂದರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಅಗ್ಗದ ಜಾಗ ಹುಡುಕಿಕೊಂಡು ಅಳಿಯದೇವರ ಮನೆಗೆ ಬಂದರು, ಇಡೀ ಚಳಿಗಾಲ ಉಳಿದರು.

ಮೊದಲ ಊಟದ ಮಾರನೇ ದಿನ ನನ್ನ ಅಂಗಡಿಯಲ್ಲಿ ಅಂದರು: "ತೋಮಿಸಾನ್, ಆ ಮನೇಲಿ ಅನ್ನ ಬೇಕಾ ಬೇಡ್ವಾ ಅಂತ ಯಾರೂ ಕೇಳೋದೇ ಇಲ್ಲ. ಮೂರು ಬಟ್ಟಲು ತಿಂದೆ! ಎಷ್ಟೋ ವರ್ಷ ಆಗಿತ್ತು."

ಆ ಮನೆ ಬದಲಾಯಿತು. ಬಾಗಿಲ ಕಾಗದದ ತೂತುಗಳಿಗೆ ಮಿತ್ಸುಯೊಸಾನ್ ಹೂವಿನ ಆಕಾರದ ಕಾಗದ ಕತ್ತರಿಸಿ ಅಂಟಿಸಿದರು. ಮಾರುಕಟ್ಟೆಯಿಂದ ಬರುವಾಗ ಕಾಲು ಮುರಿದ ಏಡಿ ತಂದು ಸಾರಿಗೆ ಹಾಕಿದರು. ಸಂಜೆ ಆದರೆ ಇಬ್ಬರದೂ ಒಂದೇ ಜಗಳ. ಸ್ನಾನದ ತೊಟ್ಟಿ ಒಂದೇ, ಕಾಸಿದ ನೀರೂ ಒಂದೇ, ಮೊದಲು ಇಳಿಯುವವರು ಯಾರು?

"ನೀವು ಮೊದಲು."

"ಛೆ ಛೆ, ಯಜಮಾನರು ಮೊದಲು. ನಾನು ಕೊನೆಗೆ ಮಾಡಿಯೇ ರೂಢಿ."

"ನನಗೂ ಕೊನೆಗೆ ಮಾಡಿಯೇ ರೂಢಿ."

ನಾನು ಓಣಿಯ ಈಚೆಯಿಂದ ಕೂಗುತ್ತಿದ್ದೆ: "ಯಾರಾದ್ರೂ ಇಳೀರೀ ಮಾರಾಯರೇ, ನೀರು ತಣ್ಣಗಾಯ್ತು! ಇಲ್ಲಾಂದ್ರೆ ನಾನೇ ಬಂದು ಕೂತ್ಕೋತೀನಿ!" ಒಳಗೆ ಇಬ್ಬರೂ ನಗುವುದು ಕೇಳುತ್ತಿತ್ತು. ತಮೋತ್ಸುಸಾನ್ ನಗುವಾಗ ಎಂಥ ದನಿ ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೀಗೆ ಕೆಲವು ಚಳಿಗಾಲ. ಏಡಿ ಬಂದರೆ ಅವರು ಬರುತ್ತಿದ್ದರು, ಏಡಿ ಮುಗಿದರೆ ಹೋಗುತ್ತಿದ್ದರು. ಹೋದ ದಿನ ತಮೋತ್ಸುಸಾನ್, ಮಿತ್ಸುಯೊಸಾನ್ ಮಲಗುತ್ತಿದ್ದ ಹಾಸಿಗೆಯನ್ನು ಜಗಲಿಯ ಕಟಕಟೆಗೆ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದರು, ಬಿಸಿಲು ಹೋದ ಮೇಲೂ ತೆಗೆಯುತ್ತಿರಲಿಲ್ಲ. ಒಂದು ವಸಂತದಲ್ಲಿ, ಅವರು ಹೊರಡುವ ದಿನ ಹತ್ತಿರ ಬಂದಾಗ, ನನಗೆ ತಡೆಯಲಾಗಲಿಲ್ಲ.

"ಅಲ್ಲಾರೀ, ಈ ಸಲ ಅವರನ್ನ ಇಲ್ಲೇ ಇದ್ಬಿಡಿ ಅಂತ ಕೇಳಬಾರದಾ? ಮದುವೆಯೋ ಮಣ್ಣೋ, ಏನಾದ್ರೂ ಆಗ್ಲಿ. ಇಬ್ಬರು ಒಂದು ಸೂರಿನಡಿ ಇದ್ರೆ ಯಾರ ಗಂಟು ಹೋಗುತ್ತೆ?"

"ನಾನೂ ಅದನ್ನೇ ಯೋಚನೆ ಮಾಡ್ತಿದ್ದೀನಿ" ಎಂದರು. ನಾನು ಬೆರಗಾದೆ. ಆ ಮನುಷ್ಯ ತನಗೆ ಏನಾದರೂ ಬೇಕು ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಿತ್ಸುಯೊಸಾನ್ ಹೊರಡುವ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಇಬ್ಬರೂ ನಿಂತದ್ದು ನನ್ನ ಅಂಗಡಿಗೆ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ತಮೋತ್ಸುಸಾನ್ ತಲೆಬಾಗಿ ಏನೋ ಅಂದರು. ಅವರು ಅದಕ್ಕಿಂತ ಕೆಳಗೆ ಬಾಗಿ ಏನೋ ಅಂದರು. ಬಸ್ಸು ಬಂತು. ಮಿತ್ಸುಯೊಸಾನ್ ಹತ್ತಿದರು, ಬಸ್ಸು ಹೋಯಿತು. ತಮೋತ್ಸುಸಾನ್ ಬಸ್ಸಿನ ಹೊಗೆ ಕರಗುವ ತನಕ ಬಾಗಿಯೇ ಇದ್ದರು.

ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. "ಕೇಳಿದ್ರಾ?"

"ಕೇಳಿದೆ. ಬೆಳಗ್ಗೆ ಊಟದ ಹೊತ್ತಲ್ಲಿ ಕೇಳಿದೆ. ಅಯ್ಯೋ, ನನ್ನಿಂದ ನಿಮಗ್ಯಾಕೆ ತೊಂದರೆ ಅಂದ್ರು."

"ಆಮೇಲೆ?"

"ಇಲ್ಲಿ ಇನ್ನೊಂದು ಸಲ ಕೇಳಿದೆ. ಬೇಡ, ಜನ ಏನಂದುಕೊಳ್ತಾರೆ ಅಂದ್ರು."

"ಆಮೇಲೆ?"

"ಆಮೇಲೆ ಬಸ್ಸು ಬಂತು."

ನನಗೆ ತಲೆ ಕೆಟ್ಟಿತು. "ಮೂರನೇ ಸಲ? ಮೂರನೇ ಸಲ ಯಾರು ಕೇಳ್ತಾರೆ, ನಿಮ್ಮ ಅತ್ತೆ ಬರ್ತಾರಾ ಸಮಾಧಿಯಿಂದ ಎದ್ದು?"

"ಎರಡು ಸಲ ಕೇಳಿದ್ದೇ ಹೆಚ್ಚಾಯ್ತು ತೋಮಿಸಾನ್. ಬೇಡ ಅಂದವರನ್ನ ಮತ್ತೆ ಮತ್ತೆ ಪೀಡಿಸಬಾರದು. ಬೇಡ ಅಂದ್ರೆ ಬೇಡ."

"ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರೆ, ನೀವು ದಾಕ್ಷಿಣ್ಯದಲ್ಲೇ ಸಾಯ್ತೀರಿ, ಬರೆದಿಟ್ಕೊಳ್ಳಿ!" ಎಂದು ಬೈದೆ. ಅವರು ಬೈಸಿಕೊಂಡರು. ಅಣ್ಣನ ಮನೆಗೆ ಫೋನಾದರೂ ಮಾಡಿ ಎಂದರೆ, ಗಂಡಸಿನ ಫೋನು ಹೋದರೆ ಅತ್ತಿಗೆ ಅವರನ್ನು ಏನನ್ನುತ್ತಾರೋ ಎಂದರು. ಅದೂ ನಿಜವೇ. ಬೇಡ ಎಂದರೆ ಮುಚ್ಚಳ ಬೀಳುತ್ತದೆ ಎಂದು ಹಿರೋಬೆಯವರ ಮನೆ ತಮೋತ್ಸುಸಾನ್ ಅವರಿಗೆ ಕಲಿಸಿತ್ತು, ಅವರು ಕಲಿತಿದ್ದರು. ಮರಿಗೆಯನ್ನು ಪಕ್ಕದಲ್ಲಿಟ್ಟು ಎದ್ದುಹೋಗುವುದು ಗೊತ್ತಿತ್ತು, ಆದರೆ ಇದು ಬಾಯಿ ಬಿಟ್ಟು ಕೇಳಲೇಬೇಕಾದ ವಿಷಯ.

ಬೇಸಿಗೆ ಹೋಯಿತು, ಮೇಪಲ್ ಎಲೆ ಕೆಂಪಾಗಿ ಉದುರಿತು. ತಮೋತ್ಸುಸಾನ್ ಕಾಗದದ ಬಾಗಿಲುಗಳಿಗೆಲ್ಲ ಹೊಸ ಕಾಗದ ಅಂಟಿಸಿದರು, ಹೂವಿನ ತೇಪೆಗಳಿದ್ದ ಬಾಗಿಲನ್ನು ಮಾತ್ರ ಹಾಗೆಯೇ ಬಿಟ್ಟರು. ಏಡಿ ದೋಣಿಗಳು ಹೊರಟ ದಿನ ಹಾಸಿಗೆಗೆ ಬಿಸಿಲು ತೋರಿಸಿ, ನನ್ನ ಹತ್ತಿರ ಹೆಚ್ಚಿನ ತೋಫು ಹೇಳಿಹೋದರು. ಬಸ್ಸು ಬಂತು, ಮಿತ್ಸುಯೊಸಾನ್ ಇಳಿಯಲಿಲ್ಲ. ಮಾರನೇ ದಿನವೂ ಇಲ್ಲ. ತೋಫು ಹುಳಿಯಾಯಿತು. ಮಾರುಕಟ್ಟೆಯ ಹೆಂಗಸರು ಹೇಳಿದ ಮೇಲೆ ತಿಳಿಯಿತು: ಅವರು ಆಗಲೇ ಬಂದಿದ್ದಾರೆ, ಮಂಜುಗಡ್ಡೆ ಗೋದಾಮಿನ ಮೇಲಿನ ಕೆಲಸಗಾರರ ಕೋಣೆಯಲ್ಲಿ ಇದ್ದಾರೆ.

ಈ ಸುದ್ದಿಯನ್ನು ನಾನೇ ತಮೋತ್ಸುಸಾನ್ ಅವರಿಗೆ ಹೇಳಿದೆ. "ಹೌದಾ. ಅಲ್ಲಿಂದ ಕೆಲಸಕ್ಕೆ ಹತ್ತಿರ" ಎಂದರು. ಒಳಗೆ ಹೋದರು. ಅವತ್ತು ಮೀನು ಸುಡುವ ವಾಸನೆ ಬರಲಿಲ್ಲ.

ಕಡಲು ಕೆರಳಿ ದೋಣಿ ಹೊರಡದ ಒಂದು ದಿನ ಮಿತ್ಸುಯೊಸಾನ್ ನನ್ನ ಅಂಗಡಿಗೆ ಬಂದರು, ಎದುರುಮನೆಗೆ ಬೆನ್ನು ಹಾಕಿ ನಿಂತರು. ನಾನು ಬಿಡುತ್ತೇನೆಯೇ?

"ಊರಿಗೆ ಬಂದು ಆ ಮನೆಗೆ ಕಾಲಿಡಲಿಲ್ಲವಲ್ಲ, ಏನು ಕೋಪ?"

"ಕೋಪ ಏನಿಲ್ಲ ತೋಮಿಸಾನ್. ಹೇಗೆ ಬರ್ಲಿ ಹೇಳಿ. ಇಲ್ಲೇ ಇದ್ಬಿಡಿ ಅಂದವರ ಮನೆಗೆ ಬಾಡಿಗೆ ಕೊಟ್ಟು ಮಲಗೋಕೆ ಹೋದ್ರೆ, ಇನ್ನೊಂದು ಸಲ ಕೇಳ್ರೀ ಅಂತ ಅಂಗಲಾಚಿದ ಹಾಗಾಗಲ್ವಾ?"

"ಕೇಳಿದ್ರೆ ಏನಂತಿದ್ರಿ?"

"ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದೆ. ಡ್ರೈವರು, ಹತ್ತೀರೋ ಇಲ್ವೋ ಅಂದ. ಆಗ ಇವರು ಬಾಯಿ ತೆಗೆದ್ರು. ಮೂರನೇ ಸಲ ಕೇಳ್ತಾರೆ ಅಂದ್ಕೊಂಡೆ. 'ಹುಷಾರಾಗಿ ಹೋಗಿ' ಅಂದ್ರು."

ಅವರು ಹೋದದ್ದೇ ತಡ, ನಾನು ರಬ್ಬರ್ ಬೂಟಿನಲ್ಲೇ ಓಣಿ ದಾಟಿ ಎದುರುಮನೆಗೆ ನುಗ್ಗಿದೆ. ಎಲ್ಲವನ್ನೂ ಹೇಳಿದೆ. "ಈಗಲೇ ಹೋಗಿ. ಕೋಟು ಹಾಕ್ಕೊಳ್ಳಿ. ಅವರು ಕಾಯ್ತಿದ್ದಾರೆ ರೀ, ಮಹಾನುಭಾವರೇ, ಹೋಗಿ!" ತಮೋತ್ಸುಸಾನ್ ಅವಸರದಲ್ಲಿ ಕೋಟಿನ ಗುಂಡಿಗಳನ್ನು ಅದಲುಬದಲು ಹಾಕಿಕೊಂಡರು, ನಾನೇ ಬಿಚ್ಚಿ ಸರಿಯಾಗಿ ಹಾಕಿದೆ. ಮದುವೆಗೆ ಹೊರಟ ಹುಡುಗನ ಹಾಗೆ ಕೂದಲು ಒದ್ದೆ ಮಾಡಿ ಬಾಚಿಕೊಂಡು ಹೋದರು. ನನಗೆ ಅವತ್ತು ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಬೇಗ ವಾಪಸ್ಸು ಬಂದರು. ಒಬ್ಬರೇ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು.

"ಗೋದಾಮಿನ ಮೆಟ್ಟಿಲ ಹತ್ತಿರ ಸಿಕ್ಕಿದ್ರು. ಮನೆಗೆ ಬನ್ನಿ, ಇದ್ದುಬಿಡಿ ಅಂದೆ. ಅವರ ಮುಖ ಅರಳಿತು ತೋಮಿಸಾನ್. ನಾನೇ ಕಣ್ಣಾರೆ ನೋಡಿದೆ."

"ಆಮೇಲೆ?"

"ತೋಮಿಸಾನ್ ಕಳಿಸಿದ್ರಾ ಅಂತ ಕೇಳಿದ್ರು."

"ಇಲ್ಲ ಅನ್ಬೇಕಿತ್ತು!"

"ಹೌದು ಅಂದೆ. ಅವರಿಗೆ ಸುಳ್ಳು ಹೇಗೆ ಹೇಳ್ಲಿ?" ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಾಗಾದ್ರೆ ಇದು ತೋಮಿಸಾನ್ ಕೇಳಿದ್ದು ಅಂದ್ರು. ನೀವು ಕೇಳಿದ್ದು ಎರಡೇ ಸಲ ಅಂದ್ರು. ನಿಮಗೆ ಬೇಕಾಗಿದ್ರೆ ನೀವೇ ಬರ್ತಿದ್ರಿ ಅಂದ್ರು."

"ಅಯ್ಯೋ ನನ್ನ ಕರ್ಮವೇ! ಅಂದ್ರೆ ಕಾಯ್ತೀನಿ ಅಂತಲೇ ಅಲ್ವೇನ್ರೀ ಅರ್ಥ? ಎದ್ದೇಳಿ. ಈಗಲೇ ವಾಪಸ್ ಹೋಗಿ, ನೀವಾಗಿಯೇ ಕೇಳಿ!"

ಅವರು ನನ್ನ ಮುಖ ನೋಡಿದರು. ಅವರ ಕಣ್ಣು ತುಂಬಿದ್ದನ್ನು ಫುಮಿಯೊ ಸತ್ತಾಗಲೂ ನಾನು ನೋಡಿರಲಿಲ್ಲ.

"ನೀವು ಹೋಗಿ ಅಂದ ಮೇಲೆ ನಾನಾಗಿಯೇ ಹೋಗೋದು ಹೇಗೆ ತೋಮಿಸಾನ್?"

ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಂಬಿ ಇಷ್ಟು ವರ್ಷ ಕಳೆದವಳು ನಾನು. ಇಂಥ ಗಂಟನ್ನು ಬಿಚ್ಚುವ ಮಾತು ನನ್ನ ಹತ್ತಿರ ಇರಲಿಲ್ಲ. ನಾನು ಕಳಿಸಿದ್ದು ತಪ್ಪೇ ಎಂದು ಕೇಳಿದರೆ ತಪ್ಪಲ್ಲ ಎಂದೇ ಹೇಳುತ್ತೇನೆ, ಸಿಟ್ಟಿನಿಂದಲೇ ಹೇಳುತ್ತೇನೆ. ಆದರೆ ಅದರಿಂದ ಆ ಮನೆಯ ಒಲೆ ಹೊತ್ತಲಿಲ್ಲ.

ಈಗಲೂ ಚಳಿಗಾಲ ಬಂದರೆ ಮಿತ್ಸುಯೊಸಾನ್ ಬರುತ್ತಾರೆ, ಗೋದಾಮಿನ ಮೇಲಿನ ಕೋಣೆಯಲ್ಲಿ ಇರುತ್ತಾರೆ. ಕೈಯ ಗಂಟುಗಳು ಊದಿಕೊಂಡಿವೆ, ಇದು ಕೊನೆಯ ವರ್ಷ ಎಂದು ಪ್ರತಿ ವರ್ಷ ಹೇಳುತ್ತಾರೆ. ತೋಫು ಕಟ್ಟಿಸಿಕೊಂಡು, ಹೊರಡುವಾಗ ತಿರುಗಿ ನೋಡದೆ ಕೇಳುತ್ತಾರೆ: "ಎದುರುಮನೆಯವರು ಚೆನ್ನಾಗಿದ್ದಾರಾ?" ಚೆನ್ನಾಗಿದ್ದಾರೆ ಎನ್ನುತ್ತೇನೆ.

ಅವರು ಹೋದ ಸ್ವಲ್ಪ ಹೊತ್ತಿಗೆ ತಮೋತ್ಸುಸಾನ್ ಬರುತ್ತಾರೆ. ಬಂದಿದ್ದನ್ನು ಕಿಟಕಿಯಿಂದ ನೋಡಿರುತ್ತಾರೆ, ಆದರೂ "ಇವತ್ತು ಅವರು ಬಂದಿದ್ರಾ?" ಎನ್ನುತ್ತಾರೆ.

"ಬಂದಿದ್ರು."

"ಚೆನ್ನಾಗಿದ್ದಾರಾ?"

"ಚೆನ್ನಾಗಿದ್ದಾರೆ."

ಅಷ್ಟೇ. ಹೋಗ್ರೀ, ಇನ್ನೂ ರಸ್ತೆಯ ತಿರುವು ದಾಟಿರಲ್ಲ, ಓಡಿಹೋಗಿ ಕೇಳ್ರೀ ಎಂದು ನನ್ನ ಹೊಟ್ಟೆಯೊಳಗೆ ಕೂಗು ಏಳುತ್ತದೆ. ಕೂಗಿದರೆ ಅದು ಮತ್ತೆ ನನ್ನ ಮಾತಾಗುತ್ತದೆ. ತುಟಿ ಕಚ್ಚಿಕೊಂಡು ತೋಫು ಕಟ್ಟುತ್ತೇನೆ. ಅವರು ಅಂಗಡಿಯ ಬಾಗಿಲಲ್ಲಿ ನಿಂತು ಮಾರುಕಟ್ಟೆಯ ಕಡೆ ನೋಡುತ್ತಾರೆ. ಆಮೇಲೆ ಅವರು ಓಣಿ ದಾಟಿ ಮನೆಯೊಳಗೆ ಹೋಗುತ್ತಾರೆ.